ಒಂದು ಪ್ಲೈವುಡ್ ಶೀಟು, ಆರು ಸಾವಿರ ರೂಪಾಯಿ: ಬಾಡಿಗೆ ಮನೆಗೊಂದು ಪೋಕರ್ ಟೇಬಲ್

ತಂಗಿ, ಭಾವ ಇರುವುದು ಬೆಂಗಳೂರಿನ ಬನಶಂಕರಿಯಲ್ಲಿ, ಒಂದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಶನಿವಾರ ರಾತ್ರಿ ಭಾವನ ಗೆಳೆಯರು ಸೇರಿ ಪೋಕರ್ ಆಡುತ್ತಾರೆ. ಭಾನುವಾರ ಮಧ್ಯಾಹ್ನ ಭಾವನ ಅಪ್ಪ ಅಮ್ಮನ ಸರದಿ, ಅವರದು ರಮ್ಮಿ. ಎರಡೂ ಆಟಗಳಲ್ಲಿ ದುಡ್ಡು ಇಲ್ಲ. ಪ್ಲಾಸ್ಟಿಕ್ ಬಿಲ್ಲೆಗಳೇ ಲೆಕ್ಕ, ಆಟ ಮುಗಿದರೆ ಬಿಲ್ಲೆಗಳು ಡಬ್ಬಿಗೆ. ಇಷ್ಟು ದಿನ ಎಲ್ಲರೂ ನೆಲಕ್ಕೆ ಜಮಖಾನ ಹಾಸಿ ಕೂರುತ್ತಿದ್ದರು. ಭಾವನ ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ನೆಲದ ಆಟ ನಿಂತಿತು. ಮನೆಯ ಊಟದ ಟೇಬಲ್ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ. ಮೇಲೆ ನುಣುಪಾದ ಸನ್‌ಮೈಕ. ಅದರ ಮೇಲೆ ಇಸ್ಪೀಟು ಎಲೆ ಹಂಚಿದರೆ ಜಾರಿ ಕೆಳಗೆ ಬೀಳುತ್ತದೆ. ಬಿದ್ದ ಎಲೆಯನ್ನು ಉಗುರಿನಿಂದ ಎತ್ತುವುದೂ ಕಷ್ಟ.

ಹಾಗಾಗಿ ಒಂದು ಟೇಬಲ್ ಬೇಕು ಅಂತ ಆಯಿತು. ತಂಗಿಯ ಶರತ್ತುಗಳು ಸ್ಪಷ್ಟವಾಗಿದ್ದವು. "ಅಣ್ಣ, ಆರು ಸಾವಿರಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗಬಾರದು. ಆಟ ಮುಗಿದ ಮೇಲೆ ಹಾಲ್‌ನಲ್ಲಿ ಅದು ಕಾಣಬಾರದು. ನಾಳೆ ಮನೆ ಬದಲಾಯಿಸಿದರೆ ಜೊತೆಗೆ ಬರಬೇಕು." ನನಗೆ ಮರಗೆಲಸದ ಹವ್ಯಾಸ ಇದೆ, ಹಲಗೆ ಕತ್ತರಿಸುವ ಜಿಗ್ ಸಾ ಮಷೀನು ಮತ್ತು ಡ್ರಿಲ್ ಇವೆ. ಕೆಲಸ ನನ್ನ ಪಾಲಿಗೆ ಬಂತು.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಒಂದು ಕಾರಣ ಇದೆ. ಇಂಥ ಕೆಲಸದಲ್ಲಿ ದುಡ್ಡು ಉಳಿಯುವುದು ಅಂಗಡಿಯಲ್ಲಿ ಚೌಕಾಸಿ ಮಾಡಿದಾಗ ಅಲ್ಲ, ಟೇಪು ಹಿಡಿದು ಅಳತೆ ನಿರ್ಧರಿಸುವಾಗ. ಪ್ಲೈವುಡ್ ಸಿಗುವುದು ಎಂಟು ಅಡಿಗೆ ನಾಲ್ಕು ಅಡಿ. ಸೋಫಾ ಬಟ್ಟೆ, ರೆಕ್ಸಿನ್ ಸಾಮಾನ್ಯವಾಗಿ 54 ಇಂಚು ಪನ್ನ. ಯೋಗ ಮ್ಯಾಟು ಎರಡು ಅಡಿ ಅಗಲ. ಟೇಬಲ್ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಮೊದಲು ಈ ಮೂರು ಅಗಲಗಳ ಮುಂದಿಟ್ಟು ಯೋಚಿಸಬೇಕು. ಒಂದು ಇಂಚು ದಾಟಿದರೂ ಎರಡನೇ ಶೀಟು, ಎರಡನೇ ಮ್ಯಾಟು, ಇಲ್ಲವೇ ರೆಕ್ಸಿನ್ ನಡುವೆ ಒಂದು ಹೊಲಿಗೆ ಬೇಕಾಗುತ್ತದೆ.

ಕಾಲು ಬೇಡ, ಮೇಲ್ಭಾಗ ಸಾಕು

ಮೊದಲು ಬಿಟ್ಟದ್ದು ಕಾಲುಗಳನ್ನು. ಊಟದ ಟೇಬಲ್ ಹೇಗೂ ಇದೆ, ಗಟ್ಟಿಯಾಗಿದೆ. ಅದರ ಮೇಲೆ ಕೂರುವ ಒಂದು ಹಲಗೆ ಮಾಡಿದರೆ ಸಾಕು. ಮಡಚುವ ಕಬ್ಬಿಣದ ಕಾಲು ಹಾಕಬಹುದಿತ್ತು. ಆದರೆ ಅದರ ಖರ್ಚು ಬೇರೆ, ತೂಕ ಬೇರೆ. ಅಗ್ಗದ ಮಡಚು ಕಾಲುಗಳು ಸ್ವಲ್ಪ ದಿನಕ್ಕೆ ಅಲುಗಾಡಲು ಶುರು ಮಾಡುತ್ತವೆ. ಇಸ್ಪೀಟು ಆಡುವ ಟೇಬಲ್ ಅಲುಗಾಡಿದರೆ ಬಿಲ್ಲೆಗಳ ಸಾಲು ಬೀಳುತ್ತದೆ, ಆಟದ ಲೆಕ್ಕವೇ ಕೆಡುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬರೀ ಎಲೆ ಜಾರದಿರಲಿ ಅನ್ನುವುದಷ್ಟೇ ನಿಮ್ಮ ಉದ್ದೇಶವಾದರೆ ಟೇಬಲ್ ಮಾಡಲೇಬೇಡಿ. ಮೌಸ್ ಪ್ಯಾಡಿನ ಥರದ ರಬ್ಬರ್ ತಳದ, ಸುತ್ತಿ ಇಡುವ ಪೋಕರ್ ಮ್ಯಾಟುಗಳು ಸಿಗುತ್ತವೆ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ನಮಗೆ ಆರು ಜನ ಕೂರುವ ಜಾಗ ಬೇಕಿತ್ತು, ಮೊಣಕೈ ಊರಲು ಮೆತ್ತನೆ ಅಂಚು ಬೇಕಿತ್ತು. ಎರಡೂವರೆ ಅಡಿ ಅಗಲದ ಟೇಬಲ್ ಮೇಲೆ ಮ್ಯಾಟು ಹಾಸಿದರೆ ಇವೆರಡೂ ಸಿಗುವುದಿಲ್ಲ.

ಆಕಾರದ ಬಗ್ಗೆ ಭಾವನಿಗೆ ಬೇರೆ ಆಸೆ ಇತ್ತು. ಕ್ಯಾಸಿನೊಗಳಲ್ಲಿ ಇರುವಂಥ, ಎರಡು ತುದಿ ಅರ್ಧ ವೃತ್ತವಾಗಿರುವ ಉದ್ದನೆಯ ಟೇಬಲ್. ನೋಡಲು ಅದು ಚೆನ್ನಾಗಿರುತ್ತದೆ, ನಿಜ. ಆದರೆ ಎಂಟು ಅಡಿ ಉದ್ದದ ಹಲಗೆಯನ್ನು ಆ ಕಿರಿದಾದ ಮೆಟ್ಟಿಲಿನಲ್ಲಿ ತಿರುಗಿಸಲು ಆಗುವುದಿಲ್ಲ. ಅದೂ ಅಲ್ಲದೆ ತಳಕ್ಕೊಂದು, ಅಂಚಿಗೊಂದು ಅಂತ ಎರಡು ಶೀಟು ಬೇಕು. ವೃತ್ತವೂ ಬೇಡ ಅಂದೆ. ಕೈಯಲ್ಲಿ ಜಿಗ್ ಸಾ ಹಿಡಿದು ವೃತ್ತ ಕತ್ತರಿಸುವುದಕ್ಕಿಂತ ನೇರ ಗೆರೆ ಕತ್ತರಿಸುವುದು ಸುಲಭ, ಅಲ್ವಾ? ಉಳಿದದ್ದು ಎಂಟು ಮೂಲೆಯ ಟೇಬಲ್.

ಎಂಟು ಮೂಲೆಯ ಲಾಭ ಇನ್ನೂ ಒಂದಿದೆ. ಒಂದು ಶೀಟಿನಿಂದ ಸುಮಾರು ನಾಲ್ಕು ಅಡಿಯ ಎರಡು ಚೌಕ ಬರುತ್ತವೆ. ಒಂದು ಚೌಕ ತಳ. ಇನ್ನೊಂದರ ಅಂಚಿನ ನಾಲ್ಕು ಇಂಚು ಬಿಟ್ಟು ಒಳಗೆ ಕತ್ತರಿಸಿದರೆ ಹೊರಗಿನ ಉಂಗುರ ಮೆತ್ತೆಯ ಅಂಚಾಗುತ್ತದೆ. ಒಳಗಿಂದ ಬಿದ್ದ ತುಂಡೇ ಆಡುವ ಜಾಗ. ಅದನ್ನೂ ಎಸೆಯುವಂತಿಲ್ಲ. ಬಟ್ಟೆ ಹೊದಿಸಿ ಮತ್ತೆ ಅದೇ ಜಾಗಕ್ಕೆ ಕೂರಿಸುವುದು.

ಅಳತೆ

ನಾಲ್ಕು ಅಡಿ ಅಂದರೆ 48 ಇಂಚು. ಆದರೆ ನಾವು 46ಕ್ಕೆ ನಿಲ್ಲಿಸಿದೆವು. ಕಾರಣ ರೆಕ್ಸಿನ್. 54 ಇಂಚಿನ ಪನ್ನದಲ್ಲಿ 46 ಕಳೆದರೆ ಪ್ರತಿ ಕಡೆ ನಾಲ್ಕು ಇಂಚು ಉಳಿಯುತ್ತದೆ. ಒಂದು ಇಂಚು ಫೋಮಿನ ದಪ್ಪಕ್ಕೆ, ಅರ್ಧ ಇಂಚು ಪ್ಲೈವುಡ್ಡಿನ ದಪ್ಪಕ್ಕೆ, ಉಳಿದ ಎರಡೂವರೆ ಇಂಚು ಕೆಳಗೆ ಮಡಚಿ ಪಿನ್ ಹೊಡೆಯಲು. 48 ಇಟ್ಟಿದ್ದರೆ ಕೆಳಗೆ ಹಿಡಿದು ಎಳೆಯಲು ಒಂದೂವರೆ ಇಂಚು ಮಾತ್ರ ಸಿಗುತ್ತಿತ್ತು. ರೆಕ್ಸಿನ್ ಬಿಗಿಯಾಗಿ ಎಳೆಯಲು ಅಷ್ಟು ಸಾಲದು.

ಎಂಟು ಮೂಲೆ ಬರೆಯುವುದು ಹೀಗೆ. 46 ಇಂಚಿನ ಚೌಕದ ಪ್ರತಿ ಮೂಲೆಯಿಂದ ಎರಡೂ ಬದಿಗೆ 13½ ಇಂಚು ಗುರುತು ಹಾಕಿ. ಆ ಗುರುತುಗಳನ್ನು ಸೇರಿಸಿ ಮೂಲೆ ಕತ್ತರಿಸಿದರೆ ಎಂಟು ಬದಿಯೂ 19 ಇಂಚು ಬರುತ್ತದೆ. ಬೇರೆ ಅಳತೆ ಬೇಕಾದವರು ತಮ್ಮ ಚೌಕದ ಅಗಲವನ್ನು 0.293ರಿಂದ ಗುಣಿಸಿದರೆ ಮೂಲೆಯಿಂದ ಎಷ್ಟು ದೂರ ಅನ್ನುವುದು ಸಿಗುತ್ತದೆ. ಒಳಗಿನ ಗೆರೆಗೆ ಲೆಕ್ಕವೇ ಬೇಡ. ಪ್ರತಿ ಅಂಚಿನಿಂದ ನಾಲ್ಕು ಇಂಚು ಒಳಗೆ ಸಮಾನಾಂತರ ಗೆರೆ ಎಳೆದರೆ 38 ಇಂಚಿನ ಇನ್ನೊಂದು ಎಂಟು ಮೂಲೆ ತಾನಾಗಿ ಮೂಡುತ್ತದೆ.

ಇಷ್ಟರಲ್ಲಿ ಎಷ್ಟು ಜನ ಕೂರಬಹುದು? ಹೊರಗಿನ ಸುತ್ತಳತೆ 152 ಇಂಚು. ಒಬ್ಬರಿಗೆ ಆರಾಮಾಗಿ ಎರಡು ಅಡಿ ಬೇಕು. ಅಂದರೆ ಆರು ಜನ. ಎಂಟು ಬದಿ ಇದೆ ಅಂತ ಎಂಟು ಜನ ಕೂತರೆ ಒಬ್ಬೊಬ್ಬರಿಗೆ 19 ಇಂಚು, ಭುಜ ತಾಗುತ್ತದೆ. ಒಳಗಿನ ಜಾಗ ಸಾಕೇ ಅನ್ನುವುದು ಇನ್ನೊಂದು ಪ್ರಶ್ನೆ. ಇವರು ಆಡುವುದು ಟೆಕ್ಸಸ್ ಹೋಲ್ಡೆಮ್. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು ಎಲೆ. ಪೋಕರ್ ಎಲೆಯ ಅಗಲ ಎರಡೂವರೆ ಇಂಚು. ಐದು ಎಲೆ, ನಡುವೆ ಸ್ವಲ್ಪ ಸಂದು ಅಂದರೆ 14 ಇಂಚು. 38ರಲ್ಲಿ ಅದನ್ನು ಕಳೆದರೆ ಆ ಸಾಲಿನ ಎರಡೂ ತುದಿಗೆ 12 ಇಂಚು ಉಳಿಯುತ್ತದೆ. ಎಲೆ ಮತ್ತು ಬಿಲ್ಲೆ ಇಡಲು ಅಷ್ಟು ಸಾಕು.

ಲೆಕ್ಕ ಕಾಗದದಲ್ಲಿ ಸರಿ ಇದ್ದರೂ ಕಣ್ಣಿಗೆ ಕಾಣಬೇಕು. ಹಳೆಯ ಪೇಪರುಗಳನ್ನು ಅಂಟಿಸಿ 46 ಇಂಚಿನ ಎಂಟು ಮೂಲೆ ಕತ್ತರಿಸಿ ಊಟದ ಟೇಬಲ್ ಮೇಲೆ ಹಾಸಿದೆವು. ಸುತ್ತ ಕುರ್ಚಿ ಹಾಕಿ ಕೂತು ನೋಡಿದರು. ಭಾವನ ಅಪ್ಪ ಎದುರು ತುದಿಗೆ ಕೈ ಚಾಚಿ, "ನನ್ನ ಕೈ ಮುಟ್ಟುತ್ತೆ ನೋಡಪ್ಪಾ, ಎಲೆ ಎಸೆಯೋ ಕೆಲಸ ಇಲ್ಲ" ಅಂದರು. ಆ ಪೇಪರನ್ನೇ ಆಮೇಲೆ ಪ್ಲೈವುಡ್ ಮೇಲೆ ಇಟ್ಟು ಇನ್ನೊಮ್ಮೆ ತಾಳೆ ನೋಡಿದೆವು. ಕಾಸು ಖರ್ಚಿಲ್ಲದ ಕೆಲಸ ಇದು. ಯಾರೇ ಟೇಬಲ್ ಮಾಡಲಿ, ಇದನ್ನು ಬಿಡಬಾರದು.

ಸಾಮಾನು ಕೊಂಡದ್ದು

ಪ್ಲೈವುಡ್ ತಂದದ್ದು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಿಂದ. 12 ಎಂಎಂ, ಎಂಆರ್ ಅಂದರೆ ತೇವ ತಡೆಯುವ ದರ್ಜೆ, ಐಎಸ್ 303 ಅನ್ನುವ ಭಾರತೀಯ ಮಾನಕದ ಗುರುತು ಇರುವುದು. ನೀರು ತಾಗಿದರೂ ತಡೆಯುವ ಐಎಸ್ 710 ದರ್ಜೆಯದನ್ನು ಅಂಗಡಿಯವರು ತೋರಿಸಿದರು. ಅಡುಗೆ ಮನೆಗಾದರೆ ಅದೇ ಸರಿ. ಹಾಲ್‌ನಲ್ಲಿ ಬಟ್ಟೆಯ ಕೆಳಗೆ ಮುಚ್ಚಿಹೋಗುವ ಹಲಗೆಗೆ ಅಷ್ಟು ದುಡ್ಡು ಹಾಕುವ ಅಗತ್ಯ ಇಲ್ಲ. 18 ಎಂಎಂ ಕೂಡ ಬೇಡ ಅಂದೆವು. ತಳ ಮತ್ತು ಉಂಗುರ ಸೇರಿದರೆ 24 ಎಂಎಂ ಆಗುತ್ತದೆ, ಕೆಳಗೆ ಊಟದ ಟೇಬಲ್ ಬೇರೆ ಇದೆ. 12 ಎಂಎಂ ಶೀಟು ಸುಮಾರು 20 ಕಿಲೋ ತೂಗುತ್ತದೆ, 18ರದ್ದು 30 ದಾಟುತ್ತದೆ. ವಾರವಾರ ಎತ್ತಿ ಇಳಿಸುವವರಿಗೆ ಆ ಹತ್ತು ಕಿಲೋ ದೊಡ್ಡ ವ್ಯತ್ಯಾಸ.

ದರ್ಜೆ ಯಾವುದೇ ಇರಲಿ, ಶೀಟನ್ನು ನೋಡಿ ಆರಿಸಬೇಕು. ಅಂಚಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರೆ ಬಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬದಿಯ ಪದರಗಳ ನಡುವೆ ಸಂದು ಕಂಡರೆ ಅಂಥದ್ದು ಬೇಡ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಒಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಅಂತ ಅರ್ಥ. ಅಲ್ಲಿ ಪಿನ್ ಹಿಡಿಯುವುದಿಲ್ಲ. ಶೀಟನ್ನು ಅಲ್ಲೇ 46 ಇಂಚಿನ ಎರಡು ಚೌಕಗಳಾಗಿ ಕತ್ತರಿಸಿಕೊಂಡೆವು. ಉಳಿದ ಪಟ್ಟಿಗಳನ್ನೂ ಕೇಳಿ ತಂದೆವು. ಮೂರೂವರೆ ಇಂಚು ಅಗಲದ್ದೊಂದು, ಎರಡು ಇಂಚಿನದ್ದೊಂದು. ಆ ಪಟ್ಟಿಗಳ ಕಥೆ ಮುಂದೆ ಬರುತ್ತದೆ.

ಬಟ್ಟೆ ಆರಿಸುವುದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಪೋಕರ್ ಟೇಬಲ್ ಅಂದ ಕೂಡಲೇ ಹಸಿರು ಫೆಲ್ಟ್ ನೆನಪಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಫೆಲ್ಟ್ ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಮಾಡಿದ ಹಾಳೆ. ಎಳೆದರೆ ಹಿಗ್ಗುತ್ತದೆ, ಉಜ್ಜಿದರೆ ಸಣ್ಣ ಸಣ್ಣ ಉಂಡೆ ಏಳುತ್ತದೆ. ಒಮ್ಮೆ ಕಾಫಿ ಚೆಲ್ಲಿದರೆ ಮುಗಿಯಿತು. ಸ್ನೂಕರ್ ಟೇಬಲ್ಲಿನ ಉಣ್ಣೆ ಬಟ್ಟೆ ಬಹಳ ಚೆನ್ನ, ಆದರೆ ನಮ್ಮ ಬಜೆಟ್ ಅಲ್ಲ. ಕ್ಯಾಸಿನೊಗಳಲ್ಲಿ ಹಾಕುವ, ನೀರು ಹೀರದ ಪಾಲಿಯೆಸ್ಟರ್ ಬಟ್ಟೆಯದ್ದೂ ಅದೇ ಮಾತು. ಚಿಕ್ಕಪೇಟೆಯಲ್ಲಿ ಸೋಫಾಕ್ಕೆ ಹಾಕುವ ಸ್ವೇಡ್ ಥರದ ಪಾಲಿಯೆಸ್ಟರ್ ಬಟ್ಟೆ ಸಿಕ್ಕಿತು. ಕಡು ಹಸಿರು, ಡಿಸೈನ್ ಇಲ್ಲದ್ದು.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಇಸ್ಪೀಟು ಪ್ಯಾಕು ಇರಲಿ. ತಂಗಿ ಕೌಂಟರ್ ಮೇಲೆ ಒಂದೊಂದು ಬಟ್ಟೆ ಹಾಸಿಸಿ ಎಲೆ ಜಾರಿಸಿ ನೋಡಿದಳು. ರೋಮ ಉದ್ದ ಇರುವ ವೆಲ್ವೆಟ್ ಮೇಲೆ ಎಲೆ ಅರ್ಧಕ್ಕೇ ನಿಂತಿತು. ಸ್ಯಾಟಿನ್ ಮೇಲೆ ಕೌಂಟರ್ ದಾಟಿ ಹೋಯಿತು. ಸ್ವೇಡ್ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು. ನಮಗೆ ಬೇಕಾದದ್ದು ಅದೇ. ಆಮೇಲೆ ಒಂದು ಹನಿ ನೀರು ಹಾಕಿಸಿ ಒರೆಸಿ ನೋಡಿದೆವು. ಅಂಗಡಿಯವರಿಗೂ ಕುತೂಹಲ ಹುಟ್ಟಿ ಇನ್ನೆರಡು ಥಾನು ಇಳಿಸಿ ತೋರಿಸಿದರು.

ರೆಕ್ಸಿನ್ ತಂದದ್ದು ಜೆ.ಸಿ. ರೋಡಿನಿಂದ. ಅಲ್ಲಿ ಕಾರಿನ ಸೀಟ್ ಕವರ್ ಮಾಡುವವರ ಅಂಗಡಿಗಳಿವೆ, ಬಣ್ಣ ದಪ್ಪ ಎಲ್ಲ ಆರಿಸಬಹುದು. ಹಿಂಬದಿಗೆ ಹೆಣೆದ ಬಟ್ಟೆ ಇರುವ ರೆಕ್ಸಿನ್ನೇ ಬೇಕು ಅಂತ ಕೇಳಿ. ಅದು ಸ್ವಲ್ಪ ಹಿಗ್ಗುತ್ತದೆ, ಮೂಲೆಯಲ್ಲಿ ಮಡಿಕೆ ಕಡಿಮೆ.

ಫೋಮ್ ಮಾತ್ರ ಅಗ್ಗದ್ದು ಬೇಡ. ಇಡೀ ಟೇಬಲ್ಲಿನಲ್ಲಿ ಗಂಟೆಗಟ್ಟಲೆ ಮೈಗೆ ತಾಗುವುದು ಅದೊಂದೇ. 32 ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ 32 ಕಿಲೋ ತೂಕದ ಫೋಮ್. ಅದಕ್ಕಿಂತ ಹಗುರದ್ದು ಮೊಣಕೈ ಊರಿದ ಕೂಡಲೇ ಕುಸಿದು ಹಲಗೆ ತಾಗುತ್ತದೆ. ಹತ್ತಿರದ ಸೋಫಾ ರಿಪೇರಿಯವರ ಹತ್ತಿರ ಒಂದು ಇಂಚು ದಪ್ಪದ ತುಂಡುಗಳು ಉಳಿದಿದ್ದವು. ನಮಗೆ ಬೇಕಾದದ್ದು ನಾಲ್ಕೂವರೆ ಇಂಚು ಅಗಲದ ಎಂಟು ಪಟ್ಟಿ, ಇಡೀ ಶೀಟು ಯಾಕೆ? ಆ ತುಂಡುಗಳಲ್ಲೇ ಮುಗಿಯಿತು.

ಆಡುವ ಜಾಗದ ಬಟ್ಟೆಯ ಕೆಳಗೆ ಆರು ಎಂಎಂ ಯೋಗ ಮ್ಯಾಟು. ಇದು ಅಲಂಕಾರಕ್ಕಲ್ಲ. ಗಟ್ಟಿ ಹಲಗೆಯ ಮೇಲೆ ಎಲೆ ಅಂಟಿದ ಹಾಗೆ ಮಲಗುತ್ತದೆ. ಕೆಳಗೆ ಸ್ವಲ್ಪ ಮೆತ್ತಗಿದ್ದರೆ ಎಲೆಯ ಒಂದು ತುದಿ ಒತ್ತಿದಾಗ ಇನ್ನೊಂದು ತುದಿ ಏಳುತ್ತದೆ. ಬಿಲ್ಲೆ ಬಿದ್ದರೆ ಸದ್ದೂ ಕಡಿಮೆ. ರಾತ್ರಿ ಹನ್ನೊಂದಕ್ಕೆ ಕೆಳಗಿನ ಮನೆಯ ಓನರ್ ಮಲಗಿರುವಾಗ ಇದು ಸಣ್ಣ ವಿಷಯ ಅಲ್ಲ.

ಒಂದೇ ಮ್ಯಾಟು ಸಾಕಾದದ್ದು ನನಗೆ ತುಂಬಾ ಖುಷಿ ಕೊಟ್ಟ ಭಾಗ. ಮ್ಯಾಟಿನ ಉದ್ದ ಆರು ಅಡಿ, ಅಂದರೆ 72 ಇಂಚು. 38 ಇಂಚಿನ ಎಂಟು ಮೂಲೆಯನ್ನು ನಡುವೆ ಸೀಳಿದರೆ ಎರಡು ಅರ್ಧ, ಒಂದೊಂದು 38 ಇಂಚು ಉದ್ದ, 19 ಇಂಚು ಅಗಲ. ಒಂದರ ಮುಂದೆ ಒಂದು ಇಟ್ಟರೆ 76 ಇಂಚು ಬೇಕು, ನಾಲ್ಕು ಇಂಚು ಸಾಲದು. ಆದರೆ ಎರಡನೆಯದನ್ನು ತಲೆಕೆಳಗಾಗಿ ತಿರುಗಿಸಿ, ಓರೆ ಬದಿಗೆ ಓರೆ ಬದಿ ಸೇರುವಂತೆ ಇಟ್ಟು ಮ್ಯಾಟಿನ ಎರಡು ಅಡಿ ಅಗಲವನ್ನೂ ಬಳಸಿಕೊಂಡರೆ, ಎರಡೂ 68 ಇಂಚಿನ ಒಳಗೆ ಹಿಡಿಯುತ್ತವೆ. ಮೊದಲು ಪೇಪರಿನ ಎರಡು ಅರ್ಧ ಮಾಡಿ ಮ್ಯಾಟಿನ ಮೇಲೆ ಸರಿಸಿ ನೋಡಿದ್ದರಿಂದಲೇ ಇದು ಹೊಳೆದದ್ದು.

ಕತ್ತರಿಸುವುದು, ಹೊದಿಸುವುದು

ಕತ್ತರಿಸುವ ಕೆಲಸ ಟೆರೇಸ್ ಮೇಲೆ, ಹಗಲು ಹೊತ್ತು. ಹೊರಗಿನ ಮೂಲೆಗಳು ಬೇಗ ಮುಗಿದವು. ಒಳಗಿನ ಗೆರೆಗೆ ಜಿಗ್ ಸಾ ಬ್ಲೇಡ್ ಇಳಿಯಲು ಮೊದಲು ತೂತು ಬೇಕು. ಗೆರೆಗೆ ತಾಗಿದ ಹಾಗೆ, ಒಳಗಿನ ತುಂಡಿನ ಕಡೆ ತೂತು ಕೊರೆಯಬೇಕು. ಆ ತುಂಡಿನ ಅಂಚು ಬಟ್ಟೆಯಲ್ಲಿ ಮುಚ್ಚಿಹೋಗುತ್ತದೆ, ತೂತು ಕಾಣುವುದಿಲ್ಲ. ಜಿಗ್ ಸಾಗೆ ನೇರ ಪಟ್ಟಿಯ ಆಸರೆ ಕೊಟ್ಟರೆ ಗೆರೆ ಅಲುಗುವುದಿಲ್ಲ. ನಮ್ಮ ಎರಡು ಇಂಚಿನ ಪಟ್ಟಿ ಆಗ ಕೆಲಸಕ್ಕೆ ಬಂತು.

ಒಳಗಿನ ತುಂಡನ್ನು ಹಾಗೇ ಬಟ್ಟೆ ಹೊದಿಸಿ ಕೂರಿಸಲು ಹೋದರೆ ಕೂರುವುದಿಲ್ಲ. ಈ ಕಡೆ ಬಟ್ಟೆಯ ದಪ್ಪ, ಆ ಕಡೆ ಉಂಗುರದ ಒಳ ಅಂಚಿಗೆ ಸುತ್ತಿದ ರೆಕ್ಸಿನ್ನಿನ ದಪ್ಪ ಸೇರುತ್ತವೆ. ಸುತ್ತಲೂ ಮೂರು ಎಂಎಂ ಸಂದು ಬೇಕು. ಬ್ಲೇಡ್ ತಿನ್ನುವುದು ಒಂದು ಎಂಎಂ ಚಿಲ್ಲರೆ. ಉಳಿದದ್ದನ್ನು ಒಳಗಿನ ತುಂಡಿನಿಂದ ಸ್ಯಾಂಡ್ ಪೇಪರ್ ಹಿಡಿದು ಸವೆಸಿದೆವು. ಹೊದಿಸುವ ಮೊದಲೇ ಬಟ್ಟೆ ಮತ್ತು ರೆಕ್ಸಿನ್ನಿನ ಸಣ್ಣ ಚೂರುಗಳನ್ನು ಸಂದಿನಲ್ಲಿ ತೂರಿಸಿ ನೋಡುತ್ತಾ ಹೋದರೆ ಅಳತೆ ತಪ್ಪುವುದಿಲ್ಲ.

ಮ್ಯಾಟನ್ನು ರಬ್ಬರ್ ಗಮ್ಮಿನಿಂದ ಹಲಗೆಗೆ ಅಂಟಿಸಿದೆವು. ಎರಡೂ ಕಡೆ ತೆಳ್ಳಗೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸುವುದು. ಗಮ್ಮಿನ ವಾಸನೆ ಜೋರು, ಬೆಂಕಿಯೂ ಬೇಗ ಹತ್ತುತ್ತದೆ. ಆದ್ದರಿಂದ ಇದನ್ನೂ ಬಯಲಲ್ಲೇ ಮಾಡಬೇಕು. ಮ್ಯಾಟಿನ ಗೆರೆ ಗೆರೆ ಇರುವ ಬದಿ ಕೆಳಗೆ, ನುಣುಪು ಬದಿ ಮೇಲೆ. ಇಲ್ಲದಿದ್ದರೆ ಆ ಗೆರೆಗಳು ಬಟ್ಟೆಯ ಮೇಲೆ ಮೂಡುತ್ತವೆ. ಬಟ್ಟೆಗೆ ಮಾತ್ರ ಗಮ್ ಹಾಕಬಾರದು. ಒಸರಿ ಕಲೆ ಆಗುತ್ತದೆ, ಮುಂದೆ ಬದಲಾಯಿಸಲೂ ಆಗುವುದಿಲ್ಲ. ಬರೀ ಪಿನ್. ಒಂದು ಬದಿಯ ನಡುವೆ ಒಂದು ಪಿನ್, ಅದರ ಎದುರು ಬದಿಯ ನಡುವೆ ಇನ್ನೊಂದು, ಹೀಗೆ ಎಂಟು ಬದಿಯ ನಡುಭಾಗ ಹಿಡಿದ ಮೇಲೆ ಮೂಲೆಗಳ ಕಡೆ ಸಾಗುವುದು. ಒಂದು ಬದಿ ಪೂರ್ತಿ ಮುಗಿಸಿ ಮುಂದಕ್ಕೆ ಹೋದರೆ ಬಟ್ಟೆ ಓರೆಯಾಗಿ ಎಳೆದುಕೊಳ್ಳುತ್ತದೆ. ಪಿನ್ ಗನ್ನಿನಿಂದ ಹೊಡೆದ ಪಿನ್ ಕೆಲವು ಕಡೆ ಪೂರ್ತಿ ಇಳಿಯಲಿಲ್ಲ, ಪ್ಲೈವುಡ್ ಗಟ್ಟಿ. ಸುತ್ತಿಗೆಯಿಂದ ತಟ್ಟಿದರೆ ಕೂರುತ್ತದೆ.

ಉಂಗುರಕ್ಕೆ ರೆಕ್ಸಿನ್ ಹೊದಿಸುವ ಕೆಲಸವನ್ನು ಸೋಫಾ ರಿಪೇರಿಯವರಿಗೇ ಕೊಟ್ಟೆವು. ಮನೆಯಲ್ಲೇ ಮಾಡಬಹುದು, ಆಗದ್ದೇನೂ ಅಲ್ಲ. ಆದರೆ ಇಡೀ ಟೇಬಲ್ ಚೆಂದ ಕಾಣುವುದು, ಕೆಟ್ಟದಾಗಿ ಕಾಣುವುದು ಎರಡೂ ಆ ಹದಿನಾರು ಮೂಲೆಗಳಿಂದ. ಹೊರಗಿನ ಎಂಟು ಮೂಲೆಯಲ್ಲಿ ರೆಕ್ಸಿನ್ ಜಾಸ್ತಿಯಾಗಿ ಮಡಿಕೆ ಬೀಳುತ್ತದೆ. ಒಳಗಿನ ಎಂಟರಲ್ಲಿ ಕಡಿಮೆಯಾಗಿ ಹರಿಯಲು ನೋಡುತ್ತದೆ. ಅವರು ರೆಕ್ಸಿನ್ನನ್ನು ಮೊದಲು ಬಿಸಿಲಿಗೆ ಹಾಕಿದರು. ಬಿಸಿಯಾದ ಮೇಲೆ ಹೊರಗಿನ ಸುತ್ತು ಎಳೆದು ಪಿನ್ ಹೊಡೆದರು. ಆಮೇಲೆ ನಡುವಿನ ಭಾಗವನ್ನು ಕತ್ತರಿಸಿ ತೆಗೆದು, ಒಳಗಿನ ಪ್ರತಿ ಮೂಲೆಗೆ ಒಂದು ಸೀಳು ಕೊಟ್ಟರು. ಸೀಳು ಹಲಗೆಯ ಅಂಚು ಮುಟ್ಟುವುದಕ್ಕೆ ಕಾಲಿಂಚು ಮೊದಲೇ ನಿಲ್ಲಬೇಕು. ಅದಕ್ಕಿಂತ ಮುಂದೆ ಹೋದರೆ ಎಳೆದಾಗ ಮೇಲಿನವರೆಗೂ ಹರಿಯುತ್ತದೆ. "ಕೈಗೆ ಗೊತ್ತಿರಬೇಕು ಸಾರ್, ಟೇಪಿನಲ್ಲಿ ಹೇಳಕ್ಕಾಗಲ್ಲ" ಅಂದರು. ಹೊರಗಿನ ಅಂಚಿನಲ್ಲಿ ಫೋಮನ್ನು ಹಲಗೆಗಿಂತ ಅರ್ಧ ಇಂಚು ಮುಂದಕ್ಕೆ ಬಿಡಲು ಹೇಳಿದ್ದೂ ಅವರೇ. ರೆಕ್ಸಿನ್ ಎಳೆದಾಗ ಅದು ಕೆಳಗೆ ಬಾಗಿ ಅಂಚು ದುಂಡಗಾಗುತ್ತದೆ, ಮುಂಗೈಗೆ ಹಲಗೆ ಒತ್ತುವುದಿಲ್ಲ. ಆರುನೂರು ರೂಪಾಯಿ ಕೂಲಿ ಕೊಟ್ಟದ್ದಕ್ಕೆ ನನಗೆ ಒಂದು ಚೂರೂ ಬೇಜಾರಿಲ್ಲ.

ಉಂಗುರವನ್ನು ತಳಕ್ಕೆ ಕೂಡಿಸಿದ್ದು ಕೆಳಗಿನಿಂದ, 19 ಎಂಎಂ ಸ್ಕ್ರೂಗಳಿಂದ. ಎರಡು ಹಲಗೆ ಸೇರಿ 24 ಎಂಎಂ, ಆದ್ದರಿಂದ ಸ್ಕ್ರೂವಿನ ಮೊನೆ ಫೋಮಿನ ಕಡೆ ಹಾಯುವುದಿಲ್ಲ. ಒಳಗಿನ ತುಂಡಿಗೆ ಸ್ಕ್ರೂ ಇಲ್ಲ, ಸುಮ್ನೆ ಕೂರುತ್ತದೆ. ತಳದ ನಡುವೆ ಒಂದು ಇಂಚಿನ ತೂತು ಇದೆ. ಕೆಳಗಿನಿಂದ ಬೆರಳು ಹಾಕಿ ತಳ್ಳಿದರೆ ಮೇಲೆ ಬರುತ್ತದೆ.

ಮಗುಚದ ಹಾಗೆ

ಬರೀ ಹಲಗೆಯನ್ನು ಊಟದ ಟೇಬಲ್ ಮೇಲೆ ಇಟ್ಟು ಆಡಲು ಕೂರುವುದು ಅಪಾಯ. ಟೇಬಲ್ ಅಗಲ 30 ಇಂಚು, ಹಲಗೆ 46. ಎರಡೂ ಕಡೆ ಎಂಟೆಂಟು ಇಂಚು ಹೊರಗೆ ಚಾಚಿರುತ್ತದೆ. ಹಲಗೆಯ ಒಟ್ಟು ತೂಕ ಸುಮಾರು 18 ಕಿಲೋ. ಅದರ ಭಾರ ನಡುವೆ, ಅಂದರೆ ಟೇಬಲ್ ಅಂಚಿನಿಂದ 15 ಇಂಚು ಒಳಗೆ. 18ನ್ನು 15ರಿಂದ ಗುಣಿಸಿ 8ರಿಂದ ಭಾಗಿಸಿದರೆ 34 ಕಿಲೋ ಹತ್ತಿರ. ಒಬ್ಬರು ಅಂಚಿನ ಮೇಲೆ ಅಷ್ಟು ಭಾರ ಹಾಕಿದರೆ ಇನ್ನೊಂದು ಕಡೆ ಏಳುತ್ತದೆ. ಆಡುವಾಗ ಮೊಣಕೈ ಊರಿದರೆ ಅಷ್ಟಾಗುವುದಿಲ್ಲ. ಆದರೆ ಮಂಡಿ ನೋವಿನವರು ಏಳುವಾಗ ಎರಡೂ ಕೈ ಊರಿ ಮೈಭಾರ ಹಾಕಿಯೇ ಏಳುತ್ತಾರೆ. ಈ ಟೇಬಲ್ ಮಾಡಿದ್ದೇ ಅಂಥವರಿಗಾಗಿ.

ಪಟ್ಟಿಗಳು ಕೆಲಸಕ್ಕೆ ಬಂದದ್ದು ಇಲ್ಲಿ. ಮೂರೂವರೆ ಇಂಚಿನ ಪಟ್ಟಿಯನ್ನು ತುಂಡು ಮಾಡಿ, ಎರಡೆರಡು ಸೇರಿಸಿ 24 ಎಂಎಂ ದಪ್ಪದ ನಾಲ್ಕು ಬಿಲ್ಲೆಮರ, ಅಂದರೆ ತಡೆಗೆ ಹಾಕುವ ದಪ್ಪ ತುಂಡು, ಮಾಡಿದೆವು. ಅವನ್ನು ಹಲಗೆಯ ಕೆಳಗೆ, ಊಟದ ಟೇಬಲ್ಲಿನ ಉದ್ದ ಬದಿಗಳಿಗೆ ಒತ್ತಿದ ಹಾಗೆ, ಪ್ರತಿ ಕಡೆ ಎರಡು ಹಾಕಿದೆವು. ಇದರಿಂದ ಹಲಗೆ ಪಕ್ಕಕ್ಕೆ ಸರಿಯುವುದು ನಿಂತಿತು. ಮಗುಚುವುದನ್ನು ತಡೆಯಲು ಪ್ರತಿ ಬಿಲ್ಲೆಮರಕ್ಕೆ ಒಂದು ಸ್ಕ್ರೂ, ವಾಷರ್ ಹಾಕಿ ಒಂದು ತಿರುಗುವ ಪ್ಲೈವುಡ್ ತುಂಡು ಜೋಡಿಸಿದೆವು. ಹಳೆಯ ಮರದ ಕಿಟಕಿಗಳಿಗೆ ಇರುವ ತಿರುಗು ಚಿಲಕದ ಹಾಗೆ. ಹಲಗೆ ಇಟ್ಟ ಮೇಲೆ ಅದನ್ನು ತಿರುಗಿಸಿದರೆ ಊಟದ ಟೇಬಲ್ಲಿನ ಹಲಗೆಯ ಕೆಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ನಿಮ್ಮ ಟೇಬಲ್ಲಿನ ಹಲಗೆ ಎಷ್ಟು ದಪ್ಪ ಅಂತ ಅಳೆದು ಅದಕ್ಕೆ ತಕ್ಕ ಹಾಗೆ ಬಿಲ್ಲೆಮರದ ದಪ್ಪ ಇಡಬೇಕು. ಟೇಬಲ್ ತಾಗುವ ಕಡೆಗೆಲ್ಲ ಮ್ಯಾಟಿನ ಚೂರು ಅಂಟಿಸಿದ್ದರಿಂದ ಸನ್‌ಮೈಕ ಗೀರುವುದಿಲ್ಲ.

ಖರ್ಚು

ಪ್ಲೈವುಡ್ಡಿಗೆ 1,850, ಕತ್ತರಿಸಿದ್ದಕ್ಕೆ 300. ಗೂಡ್ಸ್ ಆಟೋಗೆ 350. ಫೋಮ್ ತುಂಡು 250, ಯೋಗ ಮ್ಯಾಟು 400, ಒಂದೂವರೆ ಮೀಟರ್ ರೆಕ್ಸಿನ್ 375, ಒಂದೂಕಾಲು ಮೀಟರ್ ಬಟ್ಟೆ 400. ಗಮ್ 200, ಸ್ಕ್ರೂ ಪಿನ್ ಸ್ಯಾಂಡ್ ಪೇಪರ್ ಸೇರಿ 200. ಕೈ ಪಿನ್ ಗನ್ 450. ಸೋಫಾದವರ ಕೂಲಿ 600. ಒಟ್ಟು 5,375 ರೂಪಾಯಿ. ಜಿಗ್ ಸಾ, ಡ್ರಿಲ್ ನನ್ನವು. ಅವು ಇಲ್ಲದವರು ಎಂಟು ಮೂಲೆಯನ್ನೂ ಬಡಗಿಯ ಕೈಲೇ ಕತ್ತರಿಸಿಕೊಳ್ಳುವುದು ಒಳ್ಳೆಯದು. ಒಂದು ಟೇಬಲ್ಲಿಗಾಗಿ ಮಷೀನು ಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ. ಉಳಿದ 625ರಲ್ಲಿ ತಂಗಿ ಒರೆಸಿ ಇಡಬಹುದಾದ ಪ್ಲಾಸ್ಟಿಕ್ ಎಲೆಗಳನ್ನು ಕೊಂಡಳು. ಕಾಗದದ ಎಲೆ ಬೆವರಿಗೆ ಬೇಗ ಉಬ್ಬುತ್ತದೆ.

ಲೋಟ ಇಡುವ ತೂತುಗಳು ಬೇಕೇ ಅಂತ ಭಾವ ಕೇಳಿದ್ದರು. ನಾಲ್ಕು ಇಂಚಿನ ಅಂಚಿನಲ್ಲಿ ಅದಕ್ಕೆ ಜಾಗ ಇಲ್ಲ. ಅಂಚು ಅಗಲ ಮಾಡಿದರೆ ಆಡುವ ಜಾಗ ಕಿರಿದಾಗುತ್ತದೆ. ಇಬ್ಬರಿಗೊಂದು ಸ್ಟೂಲು ಪಕ್ಕದಲ್ಲಿದ್ದರೆ ಕಾಫಿ ಲೋಟವೂ ಚುರುಮುರಿ ತಟ್ಟೆಯೂ ಟೇಬಲ್ಲಿನಿಂದ ದೂರ ಇರುತ್ತವೆ. ಬಟ್ಟೆಗೂ ಅದೇ ಒಳ್ಳೆಯದು.

ಬಳಸಿದ ಮೇಲೆ

ಮಳೆಗಾಲ ಕಳೆದು ಬೇಸಿಗೆ ಬರುವವರೆಗೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಲಗೆ ಬಾಗಿಲ್ಲ. ಬೀರುವಿನ ಹಿಂದೆ ನೆಟ್ಟಗೆ ನಿಲ್ಲಿಸುತ್ತಾರೆ, ಓರೆಯಾಗಿ ಒರಗಿಸುವುದಿಲ್ಲ. ಗೋಡೆಗೂ ಅದಕ್ಕೂ ನಡುವೆ ಎರಡು ಬೆರಳು ಸಂದು ಇರುತ್ತದೆ, ಗಾಳಿ ಆಡುತ್ತದೆ. ಹಾಗಾಗಿ ರೆಕ್ಸಿನ್ ಮೇಲೆ ಬೂಷ್ಟು ಬಂದಿಲ್ಲ. ರೆಕ್ಸಿನ್ನಿನ ನಡುವಿಂದ ಕತ್ತರಿಸಿ ತೆಗೆದ ದೊಡ್ಡ ತುಂಡು ಈಗ ಬಟ್ಟೆಯ ಮೇಲೆ ಮುಚ್ಚುವ ಹೊದಿಕೆ.

ಎತ್ತರದ ವಿಷಯದಲ್ಲಿ ಒಂದು ಹೊಂದಾಣಿಕೆ ಬೇಕಾಯಿತು. ಊಟದ ಟೇಬಲ್ 30 ಇಂಚು, ಅದರ ಮೇಲೆ ಹಲಗೆಗಳು ಮತ್ತು ಮೆತ್ತೆ ಸೇರಿ ಅಂಚು 32 ಇಂಚಿಗೆ ಬಂತು. ಊಟದ ಕುರ್ಚಿಯಲ್ಲಿ ಕೂತರೆ ತೊಂದರೆ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ ಭುಜ ಎತ್ತಿದ ಹಾಗಾಗುತ್ತದೆ. ಅವರಿಗೆ ಎರಡು ಇಂಚಿನ ದಿಂಬು. ಇದು ಕಾಲು ಬಿಟ್ಟದ್ದಕ್ಕೆ ತೆತ್ತ ಬೆಲೆ, ನನ್ನ ಪ್ರಕಾರ ದುಬಾರಿಯಲ್ಲ.

ಮ್ಯಾಟಿನ ಜೋಡಣೆ ಕಣ್ಣಿಗೆ ಕಾಣುವುದಿಲ್ಲ. ಬೆರಳು ಆಡಿಸಿ ಹುಡುಕಿದರೆ ಸಿಗುತ್ತದೆ. ಒಳಗಿನ ತುಂಡನ್ನು ಎಂಟು ರೀತಿಯಲ್ಲಿ ತಿರುಗಿಸಿ ಕೂರಿಸಬಹುದಾದ್ದರಿಂದ ಆಗಾಗ ಒಂದು ಬದಿ ತಿರುಗಿಸಿ ಇಡುತ್ತಾರೆ. ಒಂದೇ ಕಡೆ ಬಟ್ಟೆ ಸವೆಯುವುದಿಲ್ಲ.

ಭಾನುವಾರ ಭಾವನ ಅಪ್ಪ ಅಮ್ಮ ಪಕ್ಕದ ಮನೆಯವರನ್ನೂ ಕರೆದು ರಮ್ಮಿ ಆಡುತ್ತಾರೆ. ರಮ್ಮಿಗೆ 13 ಎಲೆ ಕೈಯಲ್ಲಿ ಹಿಡಿದು ಜೋಡಿಸಬೇಕು, ಮೊಣಕೈಗೆ ಆಸರೆ ಇದ್ದರೆ ಕೈ ಸೋಲುವುದಿಲ್ಲ. ಶನಿವಾರದ ಗೆಳೆಯರಿಗಿಂತ ಇವರೇ ಈ ಟೇಬಲ್ಲನ್ನು ಜಾಸ್ತಿ ಬಳಸುತ್ತಾರೆ.

ಈಗ ಭಾವನ ಗೆಳೆಯರೊಬ್ಬರು ತಮ್ಮ ಸ್ವಂತ ಮನೆಗೆ ಹತ್ತು ಜನರ ಟೇಬಲ್ ಬೇಕು ಅನ್ನುತ್ತಿದ್ದಾರೆ. ಅವರಿಗೆ ಉದ್ದನೆಯದೇ ಸರಿ. ಎಂಟು ಅಡಿಗೆ ನಾಲ್ಕು ಅಡಿಯ ಶೀಟಿನ ಎರಡು ತುದಿಗೆ 24 ಇಂಚು ತ್ರಿಜ್ಯದ ಅರ್ಧ ವೃತ್ತ ಬರೆದರೆ ಸುತ್ತಳತೆ 247 ಇಂಚು ಸಿಗುತ್ತದೆ, ಹತ್ತು ಜನ ಎರಡೆರಡು ಅಡಿ ಜಾಗದಲ್ಲಿ ಕೂರಬಹುದು. ಎರಡು ಶೀಟು, ಮೂರು ಮೀಟರಿನ ಹತ್ತಿರ ರೆಕ್ಸಿನ್, ಸ್ವಂತ ಕಾಲುಗಳು, ಎಲ್ಲ ಸೇರಿ ನಮ್ಮ ಖರ್ಚಿನ ಎರಡು ಪಟ್ಟು ದಾಟುತ್ತದೆ. ಅವರಿಗೆ ನಾನು ಹೇಳಿದ್ದು, ಪ್ಲೈವುಡ್ ಅಂಗಡಿಗೆ ಹೋಗುವ ಮೊದಲು ಮನೆಯ ಬಾಗಿಲು, ಮೆಟ್ಟಿಲಿನ ತಿರುವು ಎರಡನ್ನೂ ಅಳೆಯಿರಿ, ಪೇಪರ್ ಟೇಬಲ್ ಮಾಡಿ ಹತ್ತು ಕುರ್ಚಿ ಹಾಕಿ ನೋಡಿ. ಅವರ ಹಾಲ್ 11 ಅಡಿ ಅಗಲ. ಕುರ್ಚಿ ಹಿಂದಕ್ಕೆ ಎಳೆಯಲು ಸುತ್ತಲೂ ಮೂರು ಅಡಿ ಬಿಟ್ಟರೆ ಅಗಲಕ್ಕೆ ಒಂದು ಅಡಿ ಮಿಗುತ್ತದೆ. ಉದ್ದ 14 ಅಡಿಯಾದರೂ ಇದೆಯೇ ಅಂತ ಅಳೆಯಲು ಹೋಗಿದ್ದಾರೆ.